ಪದಚರ್ಚೆ: ‘ಅಲೈನ್‌ಮೆಂಟ್’ಗೆ ‘ಧರ್ಮ’ ಸಲ್ಲುವುದೇ?

ಪ್ರಶ್ನೆ: ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಪಾತ್ರಪಟ್ಟಿಯನ್ನು ಕನ್ನಡಕ್ಕೆ ತರುವಾಗ ‘ಅಲೈನ್‌ಮೆಂಟ್’ಗೆ ‘ಧರ್ಮ’, ‘ಲಾಫುಲ್’ಗೆ ‘ಧಾರ್ಮಿಕ’, ‘ಕೇಯಾಟಿಕ್’ಗೆ ‘ಅಧರ್ಮಿ’ ಎಂದರೆ ಆದೀತೆ?

ಉತ್ತರ: ಬೇಡ. ಈ ಆಟದಲ್ಲಿ ‘ಅಲೈನ್‌ಮೆಂಟ್’ ಎಂದರೆ ಪಾತ್ರದ ನೈತಿಕ ಒಲವು; ಅದಕ್ಕೆ ಅಳತೆಗಳು ಎರಡು. ಪಾತ್ರ ಒಳಿತಿನ ಕಡೆಗೋ ಕೆಡುಕಿನ ಕಡೆಗೋ ಎಂಬುದು ಒಂದು. ಕಟ್ಟಳೆಗೆ ತಲೆಬಾಗುತ್ತದೋ ತನ್ನ ಮನಸ್ಸಿನಂತೆ ನಡೆಯುತ್ತದೋ ಎಂಬುದು ಇನ್ನೊಂದು. ‘ಧರ್ಮ’ ಎಂದೊಡನೆ ಎರಡೂ ಕಲಸಿಹೋಗುತ್ತವೆ, ಜೊತೆಗೆ ದೇವರು–ಪೂಜೆಯ ನೆರಳೂ ಬೀಳುತ್ತದೆ. ಆಟಗಾರರು ಇಷ್ಟಪಟ್ಟು ಆರಿಸುವ ‘ಕೇಯಾಟಿಕ್ ಗುಡ್’ ಆಗ ‘ಅಧರ್ಮಿ ಒಳ್ಳೆಯವನು’ ಆಗಿಬಿಡುತ್ತದೆ. ಕೇಳಿದವರಿಗೆ ತಲೆಬುಡ ತಿಳಿಯದು.

‘ಪಕ್ಷ’ ಎಂಬ ಸಲಹೆಯೂ ಬರಬಹುದು. 1974ರ ಮೊದಲ ಆವೃತ್ತಿಗೆ ಅದು ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಅಲ್ಲಿದ್ದದ್ದು ಲಾ, ನ್ಯೂಟ್ರಾಲಿಟಿ, ಕೇಯಾಸ್ ಎಂಬ ಮೂರೇ ಬಣ. 1976ರಲ್ಲಿ ಆಟವನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಒಳಿತು–ಕೆಡುಕಿನ ಅಳತೆಯನ್ನು ಸೇರಿಸಿದರು. 1978ರ ನಿಯಮಪುಸ್ತಕ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಹೊತ್ತಿಗೆ ಎರಡೂ ಅಳತೆ ಸೇರಿ ಒಂಬತ್ತು ಮನೆಗಳಾದವು. ಒಂಬತ್ತು ಪಕ್ಷ ಎನ್ನಲಾಗದು. ‘ನಿಲುವು’ ನನ್ನ ಆಯ್ಕೆ. ಮೊದಲ ಅಳತೆಗೆ ಒಳಿತು, ತಟಸ್ಥ, ಕೆಡುಕು. ಎರಡನೆಯದಕ್ಕೆ ನಿಯಮ, ತಟಸ್ಥ, ಸ್ವಚ್ಛಂದ. ಎರಡರಲ್ಲೂ ನಡುವಿದ್ದರೆ ‘ಪೂರ್ಣ ತಟಸ್ಥ’. ಕರಡಿ, ತೋಳಗಳಿಗೆ ಐದನೇ ಆವೃತ್ತಿ ಕೊಡುವ ‘ಅನಲೈನ್ಡ್’ ಮಾತ್ರ ತಟಸ್ಥವಲ್ಲ, ‘ನಿಲುವಿಲ್ಲ’. ‘ಸಜ್ಜನ’, ‘ದುಷ್ಟ’ ಎಂದು ಬರೆದರೆ ಹೆಣ್ಣುಪಾತ್ರಕ್ಕೂ ಡ್ರ್ಯಾಗನ್‌ಗೂ ರೂಪ ಬದಲಿಸಬೇಕಾಗುತ್ತದೆ. ‘ಸ್ವಚ್ಛಂದ ಒಳಿತು’ ಎಂದರೆ ಆ ತೊಡಕಿಲ್ಲ.

ಪದಗಳನ್ನು ಒಂದು ಸನ್ನಿವೇಶದಲ್ಲಿಟ್ಟು ನೋಡಿ. ಬರಗಾಲದ ಊರಿನಲ್ಲಿ ಪಾಳೆಯಗಾರ ಕಂದಾಯದ ಧಾನ್ಯವನ್ನು ಕಣಜಕ್ಕೆ ತುಂಬಿ ಬೀಗ ಹಾಕಿದ್ದಾನೆ. ನಿಯಮ ಒಳಿತಿನ ಪಾತ್ರ ಅವನ ಮೇಲಿನ ದೊರೆಗೆ ದೂರು ಒಯ್ದು ಕಣಜ ತೆರೆಸಲು ನೋಡುತ್ತದೆ. ಸ್ವಚ್ಛಂದ ಒಳಿತು ಅದೇ ರಾತ್ರಿ ಬೀಗ ಮುರಿದು ಹಂಚುತ್ತದೆ. ನಿಯಮ ಕೆಡುಕು ಕಾಗದಪತ್ರವನ್ನೆಲ್ಲ ಸರಿಯಾಗಿಟ್ಟುಕೊಂಡೇ ಹಸಿದವರ ಹೊಲ ಬರೆಸಿಕೊಳ್ಳುತ್ತದೆ. ‘ಲಾಫುಲ್’ ಎಂದರೆ ಒಳ್ಳೆಯದು ಎಂದಲ್ಲ ಎನ್ನುವುದಕ್ಕೆ ಈ ಕೊನೆಯವನೇ ಸಾಕ್ಷಿ.

ಇನ್ನೊಂದು ಕಾರಣಕ್ಕೂ ‘ನಿಲುವು’ ವಾಸಿ. ನಿಲುವು ಬದಲಾಗಬಲ್ಲದು. ಜೊತೆಗಾರರ ಚೀಲ ಕದ್ದು ‘ನನ್ನದು ಸ್ವಚ್ಛಂದ, ನನ್ನ ಪಾತ್ರ ಹೀಗೇ ಮಾಡುತ್ತದೆ’ ಎನ್ನುವ ಆಟಗಾರ ಆ ಪದವನ್ನು ಅಪ್ಪಣೆಯಂತೆ ಓದುತ್ತಿದ್ದಾನೆ. ಪಟ್ಟಿಯ ಪದ ಪಾತ್ರದ ಒಲವನ್ನಷ್ಟೇ ಹೇಳುತ್ತದೆ. ನಡತೆ ಸತತವಾಗಿ ಬೇರೆಯಾದರೆ ಆಟ ನಡೆಸುವ ಡಂಜನ್ ಮಾಸ್ಟರ್ ಮೊದಲು ಆಟಗಾರನೊಡನೆ ಮಾತಾಡಿ, ಆಮೇಲೆ ಪದವನ್ನೇ ತಿದ್ದಬೇಕು. ಒಂದು ತಪ್ಪು ಹೆಜ್ಜೆಗೆಲ್ಲ ತಿದ್ದುವುದು ಸಲ್ಲ. ಹಳೆಯ ನಿಯಮಗಳಲ್ಲಿ ಪ್ಯಾಲಡಿನ್ ಎಂಬ ವ್ರತಧಾರಿ ಯೋಧ ಮಾತ್ರ ಇದಕ್ಕೆ ಹೊರತು: 2000ದ ಮೂರನೇ ಆವೃತ್ತಿಯಲ್ಲಿ ಅವನು ತಿಳಿದೂ ಒಂದು ಕೆಡುಕು ಮಾಡಿದರೆ ತನ್ನ ಶಕ್ತಿಗಳನ್ನು ಕಳೆದುಕೊಳ್ಳುತ್ತಿದ್ದ. 2014ರ ಐದನೇ ಆವೃತ್ತಿಯಲ್ಲಿ ಅವನನ್ನು ಕಟ್ಟಿಹಾಕುವುದು ತೊಟ್ಟ ಪ್ರತಿಜ್ಞೆ. ನಿಲುವು ಏನೇ ಇರಬಹುದು.

ಅದೇ ಆವೃತ್ತಿಯ ‘ಡಿಟೆಕ್ಟ್ ಈವಿಲ್ ಅಂಡ್ ಗುಡ್’ ಮಂತ್ರವನ್ನು ‘ದುಷ್ಟರ ಪತ್ತೆ’ ಎಂದು ತರಬೇಡಿ. ಅದು ಪಿಶಾಚಿ, ದೇವದೂತ, ನಡೆದಾಡುವ ಶವ ಮುಂತಾದ ಬೇರೆ ಜಾತಿಯ ಜೀವಿಗಳನ್ನು ಗುರುತಿಸುತ್ತದೆ; ಆ ಪಾಳೆಯಗಾರನ ಮುಂದೆ ಹಾಕಿದರೆ ಏನನ್ನೂ ತೋರಿಸದು. ‘ಅಲೌಕಿಕ ಪತ್ತೆ’ ಹೆಚ್ಚು ಸರಿ.