ಹಸುವಿನ ಉಣ್ಣೆ (ಉಣುಗು) ಜ್ವರಕ್ಕೆ ಇಂಜೆಕ್ಷನ್ ಆಯ್ತು, ಜ್ವರ ಇಳೀತಿಲ್ಲ, ಭುಜದ ಮುಂದೆ ಗಂಟು

ಹೈನು_ಕೋಲಾರ: ಎಚ್‌ಎಫ್ ಕ್ರಾಸ್ (ಮಿಶ್ರತಳಿ) ಹಸು, ಎರಡನೇ ಸೂಲು, ಅಂದಾಜು 400 ಕೆಜಿ. ಜ್ವರ 106, ಮೆಲುಕು ನಿಂತಿದೆ, ಹಾಲು ಅರ್ಧಕ್ಕೆ ಬಂದಿದೆ. ಡಿಮಿನಜೀನ್ ಹಾಕಿಸಿ ಮೂರು ದಿನ ಆಯ್ತು. ಗಂಜಲ ಕೆಂಪಗಿಲ್ಲ. ಉಣ್ಣೆ ಔಷಧಿ ಡೆಲ್ಟಾಮೆಥ್ರಿನ್ ಹೊಡೆದರೂ ವಾರದೊಳಗೆ ಉಣ್ಣೆ ವಾಪಸ್. ಏನು ಮಾಡೋದು?

ಪಶುವೈದ್ಯ_ತುಮಕೂರು: ಡಿಮಿನಜೀನ್ ಬಬೀಸಿಯಾದ (ಉಣ್ಣೆಯಿಂದ ಬರೋ ಒಂದು ರಕ್ತ ಪರಾವಲಂಬಿ) ಔಷಧಿ. ಬಬೀಸಿಯಾ ಆಗಿದ್ದರೆ ಸಾಮಾನ್ಯವಾಗಿ ಗಂಜಲ ಕಾಫಿ ಬಣ್ಣಕ್ಕೆ ತಿರುಗುತ್ತೆ. ನಿಮ್ಮ ಹಸುವಿಗೆ ಭುಜದ ಮುಂದಿನ ಗಂಟು (ದುಗ್ಧರಸ ಗ್ರಂಥಿ) ಊದಿದೆ, ಗಂಜಲ ಸ್ವಚ್ಛವಿದೆ. ಹಾಗಾಗಿ ಮೊದಲ ಅನುಮಾನ ಉಣ್ಣೆ ತರೋ ಇನ್ನೊಂದು ಪರಾವಲಂಬಿ ಥೈಲೇರಿಯಾ ಆನ್ಯುಲಾಟಾ ಮೇಲೆ. ಊಹೆ ಮೇಲೆ ಇನ್ನೊಂದು ಇಂಜೆಕ್ಷನ್ ಬೇಡ. ಕಿವಿಯ ಅಂಚಿನ ರಕ್ತನಾಳ ಚುಚ್ಚಿ ಬಂದ ಹನಿಯಿಂದ ಸ್ಲೈಡ್ ಮಾಡಿಸಿ, ಗಂಟಿಗೂ ಸೂಜಿ ಹಾಕಿ ಇನ್ನೊಂದು ಸ್ಲೈಡ್ ತೆಗೆಸಿ. ರೋಗದ ಆರಂಭದಲ್ಲಿ ಕೆಂಪು ರಕ್ತಕಣದಲ್ಲಿ ಪರಾವಲಂಬಿ ಕಾಣದೇ ಇರಬಹುದು, ಗಂಟಿನ ಬಿಳಿ ಕಣದಲ್ಲಿ ಸಿಗುತ್ತೆ.

ಥೈಲೇರಿಯಾ ಖಚಿತವಾದರೆ ಬೂಪರ್ವಾಕ್ವೋನ್, ಕೆಜಿಗೆ 2.5 ಮಿಗ್ರಾಂ. 50 ಮಿಗ್ರಾಂ/ಎಂಎಲ್ ಬಾಟಲಿಯಾದರೆ 400 ಕೆಜಿಗೆ 20 ಎಂಎಲ್. ಒಂದೇ ಜಾಗಕ್ಕೆ ತುಂಬದೆ, ಕತ್ತಿನ ಎರಡೂ ಬದಿಯ ಸ್ನಾಯುವಿಗೆ ಹತ್ತತ್ತು. ತೂಕ ಕಡಿಮೆ ಅಂದಾಜು ಮಾಡಿ ಡೋಸ್ ಕಡಿತಗೊಳಿಸೋದೇ ಇಲ್ಲಿ ಹೆಚ್ಚು ಆಗೋ ಎಡವಟ್ಟು. ಎದೆ ಸುತ್ತಳತೆ ಟೇಪ್ ಹಿಡಿಯಿರಿ. ಕಣ್ಣಿನ ಒಳರೆಪ್ಪೆ ಕಾಗದದಂತೆ ಬಿಳಿಚಿದ್ದರೆ ಔಷಧಿ ಒಂದೇ ಸಾಲದು, ರಕ್ತ ಕೊಡಬೇಕಾಗಬಹುದು. ಅದನ್ನು ಡಾಕ್ಟರು ನೋಡೇ ಹೇಳಬೇಕು.

ಹೈನು_ಕೋಲಾರ: ಸರ್, ಆಕ್ಸಿಟೆಟ್ರಾಸೈಕ್ಲಿನ್ ಸಾಲದಾ? ಅದು ಮನೇಲೇ ಇದೆ.

ಪಶುವೈದ್ಯ_ತುಮಕೂರು: ಅದು ಅನಾಪ್ಲಾಸ್ಮಾಗೆ (ಉಣ್ಣೆಯಿಂದ ಬರೋ ಬೇರೊಂದು ರಕ್ತದ ರೋಗ) ಸರಿ. ಗಂಟು ಊದಿದ ಥೈಲೇರಿಯಾಕ್ಕೆ ಅದನ್ನು ನಂಬಿ ದಿನ ಕಳೆಯಬೇಡಿ.

ಕೊಟ್ಟಿಗೆಮನೆ: ಉಣ್ಣೆ ವಾಪಸ್ ಬರೋದರ ಬಗ್ಗೆ. ಥೈಲೇರಿಯಾ ಹರಡೋದು ಹಯಲೋಮಾ ಉಣ್ಣೆ. ಇದು ಮೈಮೇಲೆ ಪೂರ್ತಿ ಬಾಳು ಮಾಡಲ್ಲ. ಮರಿಯಾಗಿದ್ದಾಗ ರಕ್ತ ಕುಡಿದು ಉದುರುತ್ತೆ, ಗೋಡೆ ಬಿರುಕಲ್ಲಿ, ಗೋದಲಿ ಸಂದಿಯಲ್ಲಿ ಅಡಗಿ ಪೊರೆ ಬಿಡುತ್ತೆ, ದೊಡ್ಡದಾಗಿ ಮತ್ತೆ ಹತ್ತುತ್ತೆ. ಮರಿಯಾಗಿದ್ದಾಗ ಕುಡಿದ ರೋಗವನ್ನು ಆಗ ದಾಟಿಸುತ್ತೆ. ಬಬೀಸಿಯಾ ತರೋ ರಿಪಿಸೆಫಾಲಸ್ ಮೈಕ್ರೋಪ್ಲಸ್ ಬೇರೆ ಥರ. ಮರಿಯಿಂದ ದೊಡ್ಡದಾಗೋ ತನಕ ಸುಮಾರು ಮೂರು ವಾರ ಒಂದೇ ಹಸು ಮೇಲಿರುತ್ತೆ, ಹಸುವಿಗೆ ಹೊಡೆದರೆ ಸಿಗುತ್ತೆ. ಹಯಲೋಮಾಗೆ ಗೋಡೆಯನ್ನೂ ಹಿಡಿಯಬೇಕು.

ಮೊದಲು ಬಿರುಕು ಸಿಮೆಂಟಿನಿಂದ ಮುಚ್ಚಿ. ಉಳಿದ ಸಂದಿಗೆ ಉಣ್ಣೆ ಔಷಧಿ ಅಮಿಟ್ರಾಜ್ 12.5% ಲೀಟರ್‌ಗೆ 2 ಎಂಎಲ್, ಎರಡು ವಾರ ಬಿಟ್ಟು ಇನ್ನೊಮ್ಮೆ. ಮೈಗೂ ಅದೇ ಅಳತೆ. ಕಿವಿ ಒಳಗೆ, ಬಾಲದ ಬುಡ, ಕೆಚ್ಚಲಿನ ಹಿಂದೆ, ತೊಡೆ ಸಂದು, ಗಂಗೆದೊಗಲು ತೊಟ್ಟಿಕ್ಕುವಷ್ಟು ನೆನೆಯಬೇಕು. ಬೆನ್ನಿಗೆ ಮಾತ್ರ ಚಿಮುಕಿಸಿದರೆ ದುಡ್ಡು ದಂಡ. ಹೊಡೆಯೋ ಮುಂಚೆ ನೀರು ಕುಡಿಸಿ, ಬಿಸಿಲಲ್ಲಿ ಬೇಡ, ಒಣಗೋ ತನಕ ನೆಕ್ಕಲು ಬಿಡಬೇಡಿ. ಕುದುರೆ ಇದ್ದರೆ ಅದಕ್ಕೆ ಅಮಿಟ್ರಾಜ್ ಯಾವತ್ತೂ ಬೇಡ.

ಪಶುವೈದ್ಯ_ತುಮಕೂರು: ಸೇರಿಸೋದು ಎರಡು. ಉಣ್ಣೆ ಕಚ್ಚಿದ ಕೂಡಲೇ ಥೈಲೇರಿಯಾ ಒಳಗೆ ಹೋಗಲ್ಲ, ಅದರ ಜೊಲ್ಲಲ್ಲಿ ರೋಗ ಬಲಿಯೋಕೆ ಎರಡು-ಮೂರು ದಿನ ಬೇಕು. ಹಾಗಾಗಿ ದಿನವೂ ಹಾಲು ಕರೆಯುವಾಗ ಕಿವಿ, ಕೆಚ್ಚಲು ತಡವಿ ನೋಡೋದು ಲಾಭ. ಆದರೆ ಬರಿಗೈಲಿ ಉಣ್ಣೆ ಹಿಸುಕಬೇಡಿ. ಮನುಷ್ಯರಿಗೆ ಬರೋ ಕ್ರಿಮಿಯನ್-ಕಾಂಗೋ ಜ್ವರವನ್ನೂ ಇದೇ ಹಯಲೋಮಾ ಜಾತಿಯ ಉಣ್ಣೆ ಒಯ್ಯುತ್ತೆ, 2011ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡಿತ್ತು. ಕೈಗವಸು ಹಾಕಿ, ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆದು, ಸೀಮೆಎಣ್ಣೆ ಡಬ್ಬಿಗೆ ಹಾಕಿ.