ನಡೆಯೋದು, ಜಾರೋದು, ಬರೋದು: ಇಂಗ್ಲಿಷ್ ಮೇಡಂಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಈ ವಾರದ ವಿಷಯ ಚಲನೆಯ ಇಂಗ್ಲಿಷ್ ಪದಗಳು. ನಡೆಯೋದು, ಬೀಳೋದು, ಹೋಗೋದು, ಬರೋದು ಇವಕ್ಕೆ ಇಂಗ್ಲಿಷಿನಲ್ಲಿರುವ ಹತ್ತಿರ ಹತ್ತಿರದ ಪದಗಳಲ್ಲಿ ಗೊಂದಲ ಇದ್ದರೆ ಕೇಳಿ. ಕಾಲೇಜಿನಲ್ಲಿ ಪಾಠ ಮಾಡುವ, ಅನುವಾದವನ್ನೂ ಮಾಡುವ ನಮ್ಮ ಮೇಡಂ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ತುಮಕೂರಿನ ವಿದ್ಯಾರ್ಥಿ: ಮೇಡಂ, ರೀಚ್ ಮತ್ತು ಅರೈವ್‌ಗೆ ಏನು ವ್ಯತ್ಯಾಸ? ಡಿಕ್ಷನರಿಯಲ್ಲಿ ಎರಡಕ್ಕೂ ತಲುಪು ಅಂತಲೇ ಇದೆ.

ಮೇಡಂ: ಅರ್ಥ ಹೆಚ್ಚುಕಡಿಮೆ ಒಂದೇ, ವಾಕ್ಯದಲ್ಲಿ ಕೂರುವ ರೀತಿ ಬೇರೆ. ರೀಚ್ ಆದಮೇಲೆ ನೇರವಾಗಿ ಜಾಗದ ಹೆಸರು: 'ಐ ರೀಚ್ಡ್ ಮೈಸೂರು'. ನಡುವೆ 'ಟು' ಬೇಡ. ಅರೈವ್ ಆದಮೇಲೆ ಊರಿಗೆ 'ಇನ್', ಬಸ್ ಸ್ಟ್ಯಾಂಡಿಗೆ 'ಆ್ಯಟ್'. ಫೋನಿನಲ್ಲಿ ನಾವು ಸುಮ್ನೆ 'ರೀಚ್ಡ್' ಅನ್ನುತ್ತೇವಲ್ಲ, ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ. ಜಾಗ ಹೇಳದಿದ್ದರೆ ಅರೈವ್ಡ್ ಬಳಸಿ.

ಶಿವಮೊಗ್ಗದ ಸದಸ್ಯೆ: ನಮ್ಮ ಯಜಮಾನರು ಮಳೆಯಲ್ಲಿ ಬೈಕಿಂದ ಬಿದ್ದರು ಮೇಡಂ. ಇನ್ಶೂರೆನ್ಸ್ ಫಾರಂನಲ್ಲಿ ಸ್ಲಿಪ್ ಅಂತ ಬರೀಬೇಕಾ, ಸ್ಕಿಡ್ ಅಂತಾನಾ?

ಮೇಡಂ: ಕಾಲು ಜಾರಿದರೆ ಸ್ಲಿಪ್. ಟೈರು ಹಿಡಿತ ತಪ್ಪಿ ಗಾಡಿ ಜಾರಿದರೆ ಸ್ಕಿಡ್. ಒಂದೇ ಸಮನೆ ಜಾರಿಕೊಂಡು ಹೋದರೆ ಸ್ಲೈಡ್, ಮಕ್ಕಳು ಬೇಕಂತಲೇ ಜಾರಿದರೂ ಅದೇ ಪದ. 'ದ ಬೈಕ್ ಸ್ಕಿಡ್ಡೆಡ್ ಆನ್ ದ ವೆಟ್ ರೋಡ್' ಅಂತ ಬರೆಯಿರಿ, ಆದರೆ ನಡೆದದ್ದು ಹಾಗೇ ಇದ್ದರೆ ಮಾತ್ರ. ಈಗ ಹೇಗಿದ್ದಾರೆ ಅವರು?

ಶಿವಮೊಗ್ಗದ ಸದಸ್ಯೆ: ಮೊಣಕೈ ತರಚಿದೆ ಅಷ್ಟೇ ಮೇಡಂ, ಆರಾಮಾಗಿದ್ದಾರೆ.

ಹಾಸನದ ನರ್ಸ್: ಮೇಡಂ, ವಿದೇಶದಲ್ಲಿ ಕೆಲಸಕ್ಕೆ ಅಂತ ಓಇಟಿ ಪರೀಕ್ಷೆಗೆ (ನರ್ಸ್, ಡಾಕ್ಟರುಗಳಿಗೆ ಇರೋ ಇಂಗ್ಲಿಷ್ ಪರೀಕ್ಷೆ) ಓದ್ತಿದ್ದೀನಿ. ಅಭ್ಯಾಸದ ಪತ್ರದಲ್ಲಿ ಪಾರ್ಶ್ವವಾಯು ಆದ ಒಬ್ಬ ಅಜ್ಜನ ಬಗ್ಗೆ ಬರೀಬೇಕಿತ್ತು. ಬಲಗಾಲು ಎಳ್ಕೊಂಡು ನಡೀತಾರೆ. ನಾನು 'ಹಿ ಸ್ಟ್ಯಾಗರ್ಸ್' ಅಂತ ಬರೆದೆ. ಕೋಚಿಂಗಿನವರು ಕೆಂಪು ಗೆರೆ ಎಳೆದಿದ್ದಾರೆ, ಕಾರಣ ಹೇಳಿಲ್ಲ. ಲಿಂಪ್ ಸರೀನಾ, ಶಫಲ್ ಸರೀನಾ?

ಮೇಡಂ: ಇದು ಬರೀ ಅಂಕದ ಮಾತಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಕನ್ನಡದಲ್ಲಿ ನಾವು ನಡಿಗೆಯ ರೀತಿಯನ್ನು ಮೊದಲು ಹೇಳಿ, ಕೊನೆಗೆ ಬಂದ, ಹೋದ ಅಂತ ಮುಗಿಸುತ್ತೇವೆ. ಕುಂಟುತ್ತಾ ಒಳಗೆ ಬಂದ. ತೂರಾಡುತ್ತಾ ಹೊರಗೆ ಹೋದ. ಇಂಗ್ಲಿಷಿನಲ್ಲಿ ಆ ರೀತಿಯೇ ಕ್ರಿಯಾಪದ ಆಗಿಬಿಡುತ್ತದೆ, ಒಳಗೆ ಹೊರಗೆ ಅನ್ನೋದು ಹಿಂದೆ ಒಂದು ಚಿಕ್ಕ ಪದವಾಗಿ ಬರುತ್ತದೆ: ಲಿಂಪ್ಡ್ ಇನ್, ಸ್ಟ್ಯಾಗರ್ಡ್ ಔಟ್. ಭಾಷೆಗಳ ನಡುವಿನ ಈ ವ್ಯತ್ಯಾಸವನ್ನು ಲಿಯೊನಾರ್ಡ್ ಟಾಲ್ಮಿ ಎಂಬ ಭಾಷಾವಿಜ್ಞಾನಿ 1985ರಲ್ಲಿ ವಿವರವಾಗಿ ತೋರಿಸಿದರು. ನಿಮಗೆ ಬೇಕಾದ್ದು ಇಷ್ಟು: ಇಂಗ್ಲಿಷಿನಲ್ಲಿ ಆ ಒಂದು ಪದ ತಪ್ಪಿದರೆ ರೋಗಿಯ ನಡಿಗೆಯೇ ಬೇರೆ ಆಗುತ್ತದೆ.

ಸ್ಟ್ಯಾಗರ್ ಅಂದರೆ ಇಡೀ ಮೈ ಆ ಕಡೆ ಈ ಕಡೆ ವಾಲೋದು, ಈಗ ಬಿದ್ದರು ಆಗ ಬಿದ್ದರು ಅನ್ನೋ ಹಾಗೆ. ಓದಿದವರ ತಲೆಗೆ ಮೊದಲು ಬರೋದು ಕುಡಿತ. ಡಾಕ್ಟರಾದರೆ ಮೈಯ ಸಮತೋಲನ ನೋಡಿಕೊಳ್ಳುವ ಸೆರೆಬೆಲಂ ಕಡೆಗೂ ಯೋಚಿಸುತ್ತಾರೆ. ನಿಮ್ಮ ಅಜ್ಜ ಹಾಗೆ ನಡೆಯುತ್ತಿಲ್ಲ. ಶಫಲ್ ಅಂದರೆ ಪಾದ ಎತ್ತದೆ, ನೆಲ ಸವರಿಕೊಂಡು ಚಿಕ್ಕ ಚಿಕ್ಕ ಹೆಜ್ಜೆ ಇಡೋದು, ಸಾಮಾನ್ಯವಾಗಿ ಎರಡೂ ಕಾಲು. 'ಶಫ್ಲಿಂಗ್ ಗೇಟ್' (ಇಲ್ಲಿ ಗೇಟ್ ಅಂದರೆ ನಡಿಗೆ) ಅಂತ ಬರೆದರೆ ಡಾಕ್ಟರಿಗೆ ಪಾರ್ಕಿನ್ಸನ್ ಕಾಯಿಲೆ ನೆನಪಾಗುತ್ತದೆ. ಹಾಬಲ್ ಅಂದರೆ ನೋವಿನಿಂದ ಕಷ್ಟಪಟ್ಟು ಹೆಜ್ಜೆ ಇಡೋದು. ಲಿಂಪ್ ನಿಮ್ಮ ವಾಕ್ಯಕ್ಕೆ ಹತ್ತಿರ, ಆದರೆ ಮುಳ್ಳು ಚುಚ್ಚಿದರೂ ಲಿಂಪೇ. ಕಾಲು ಎಳೆಯುತ್ತಾರೆ ಅನ್ನೋದು ಅದರಲ್ಲಿ ಬರೋದಿಲ್ಲ.

ಹಾಗಾದರೆ ಏನು ಬರೀಬೇಕು? ಕಣ್ಣಿಗೆ ಕಂಡದ್ದು. 'ಹಿ ಡ್ರ್ಯಾಗ್ಸ್ ಹಿಸ್ ರೈಟ್ ಫುಟ್ ವೆನ್ ವಾಕಿಂಗ್'. ಪಾರ್ಶ್ವವಾಯು ಆದ ಕೆಲವರು ಕಾಲನ್ನು ಹೊರಗಡೆಯಿಂದ ಅರ್ಧ ಸುತ್ತು ಬೀಸಿ ಮುಂದಿಡುತ್ತಾರೆ. ಅದನ್ನು ನೋಡಿದ್ದರೆ ಡ್ರ್ಯಾಗ್ಸ್ ಬದಲು ಸ್ವಿಂಗ್ಸ್.

ಇನ್ನೊಂದು ಮಾತು, ನನಗೆ ಹೆಚ್ಚು ಚಿಂತೆ ಇರೋದು ಇದರ ಬಗ್ಗೆಯೇ. ಇದ್ದಕ್ಕಿದ್ದಂತೆ ತೂರಾಡೋದು ಮತ್ತೊಂದು ಪಾರ್ಶ್ವವಾಯುವಿನ ಸೂಚನೆ ಆಗಿರಬಹುದು. ಇವರ ಎಂದಿನ ನಡಿಗೆಗೇ ನೀವು ಸ್ಟ್ಯಾಗರ್ ಅಂತ ಬರೆದಿಟ್ಟಿರಿ ಅಂದುಕೊಳ್ಳಿ. ನಾಳೆ ಅವರು ನಿಜವಾಗಿ ತೂರಾಡಿದಾಗ ರಾತ್ರಿ ಪಾಳಿಯವರು ಫೈಲು ನೋಡಿ 'ಮೊದಲಿಂದಲೂ ಹೀಗೇ' ಅಂದುಕೊಳ್ಳಬಹುದು. ವಾರ್ಡಿನಲ್ಲಿ ಈ ಪದ ಹಗುರವಾಗಿ ಬಳಸಬೇಡಿ.

ಹುಬ್ಬಳ್ಳಿಯ ಸದಸ್ಯರು: ಎಲ್ರಿಗೂ ಉಪಯೋಗ ಆಗ್ತದ, ಓದ್ರಿ: "ವಾಕ್ ಎಂಬ ಸಾಧಾರಣ ಪದ ಬಿಡಿ! ಈ 50 ಪದ ಬಾಯಿಪಾಠ ಮಾಡಿ, ಪೂರ್ತಿ ಅಂಕ ಗ್ಯಾರಂಟಿ! ಸಾಂಟರ್ ಎಂದರೆ ಪವಿತ್ರ ಭೂಮಿಗೆ ಹೊರಟ ಯಾತ್ರಿಕರ ನಡಿಗೆ!"

ಮೇಡಂ: ಅಡ್ಮಿನ್ ಮೇಲೆ ಬರೆದದ್ದು ಓದಿಲ್ಲವಾ? ಸಾಂಟರ್ ಅಂದರೆ ಅವಸರ ಇಲ್ಲದೆ ಆರಾಮಾಗಿ ನಡೆಯೋದು. ಯಾತ್ರಿಕರ ಕಥೆ ಹೆಚ್ಚು ಪ್ರಚಾರ ಆದದ್ದು 1862ರಲ್ಲಿ ಅಚ್ಚಾದ, ಅಮೆರಿಕದ ಲೇಖಕ ಥೋರೋ ಅವರ ಪ್ರಬಂಧದಿಂದ. ಪದದ ಮೂಲ ಖಚಿತವಿಲ್ಲ ಅಂತಲೇ ಒಳ್ಳೆಯ ನಿಘಂಟುಗಳು ಹೇಳುತ್ತವೆ. 50 ಪದ ಬಾಯಿಪಾಠ ಮಾಡಿದ್ದಕ್ಕೇ ಮಕ್ಕಳು 'ಶವದ ಹಿಂದೆ ಸಾಂಟರ್ ಮಾಡಿದರು' ಅಂತ ಬರೆಯೋದು. ಗೊತ್ತಿಲ್ಲದಿದ್ದರೆ ವಾಕ್ ಅಂತ ಬರೆಯಿರಿ. ವಾಕ್ ಯಾವತ್ತೂ ತಪ್ಪಲ್ಲ.

ಹುಬ್ಬಳ್ಳಿಯ ಸದಸ್ಯರು: ಒಳ್ಳೇದಕ್ಕ ಹಾಕಿದ್ದು ಮೇಡಂ, ಹಿಂಗ ಬೈತೀರಿ ಅಂತ ಗೊತ್ತಿರ್ಲಿಲ್ಲ.

ಮಂಡ್ಯದ ಸದಸ್ಯ: ರೀಚ್ ಮತ್ತು ಅರೈವ್ ವ್ಯತ್ಯಾಸ ತಿಳಿಸಿ ಮೇಡಂ.

ಮೇಡಂ: ಮೊದಲ ಉತ್ತರ ನೋಡಿ.

ಬೆಂಗಳೂರಿನ ಸದಸ್ಯ: ಮುಂದಿನ ತಿಂಗಳು ಮನೆ ಬದಲಾಯಿಸ್ತಿದ್ದೀವಿ. 'ವಿ ಆರ್ ಶಿಫ್ಟಿಂಗ್' ಅಂತ ಆಫೀಸಿಗೆ ಮೇಲ್ ಹಾಕಬಹುದಾ?

ಟೆಕ್ಸಾಸ್‌ನಲ್ಲಿರುವ ಸದಸ್ಯ: ತಪ್ಪು. ಮೂವಿಂಗ್ ಅನ್ನಬೇಕು. ಇಲ್ಲಿ ಶಿಫ್ಟಿಂಗ್ ಅಂದ್ರೆ ಯಾರಿಗೂ ಅರ್ಥ ಆಗಲ್ಲ.

ಬೆಂಗಳೂರಿನ ಸದಸ್ಯ: ನನ್ನ ಆಫೀಸು ಟೆಕ್ಸಾಸ್‌ನಲ್ಲಿಲ್ಲ ಸರ್, ವೈಟ್‌ಫೀಲ್ಡ್‌ನಲ್ಲಿದೆ.

ಮೈಸೂರಿನ ನಿವೃತ್ತ ಮೇಷ್ಟ್ರು: ಇಂಗ್ಲಿಷ್ ಕಲಿಯುವುದಾದರೆ ಸರಿಯಾದ ಇಂಗ್ಲಿಷನ್ನೇ ಕಲಿಯಬೇಕು. ಎಲ್ಲ ನಡೆಯುತ್ತೆ ಅಂದರೆ ವ್ಯಾಕರಣ ಯಾಕೆ?

ಬೆಂಗಳೂರಿನ ಸದಸ್ಯ: ಸಾಮಾನು ಸಾಗಿಸುವ ಲಾರಿ ನೋಡಿ ಸರ್. ಮೇಲೆ ಪ್ಯಾಕರ್ಸ್ ಅಂಡ್ ಮೂವರ್ಸ್, ಕೆಳಗೆ ಹೌಸ್ ಶಿಫ್ಟಿಂಗ್. ಎರಡೂ ಎಲ್ಲರಿಗೂ ಅರ್ಥ ಆಗುತ್ತೆ.

ಟೆಕ್ಸಾಸ್‌ನಲ್ಲಿರುವ ಸದಸ್ಯ: ಲಾರಿ ನೋಡಿ ಇಂಗ್ಲಿಷ್ ಕಲಿಯೋರಿಗೆ ನಾನೇನು ಹೇಳಲಿ.

ಬೆಂಗಳೂರಿನ ಸದಸ್ಯ: ಏನೂ ಹೇಳ್ಬೇಡಿ. ನಿಮ್ಮನ್ನ ಕೇಳಿಲ್ಲ.

ದಾವಣಗೆರೆಯ ಸದಸ್ಯೆ: ಕ್ರೀಪ್‌ಗೂ ಕ್ರಾಲ್‌ಗೂ ವ್ಯತ್ಯಾಸ ಏನು ಮೇಡಂ? ಮಗು ಅಂಬೆಗಾಲಿಡೋದು ಯಾವುದು?

ಮೇಡಂ: ಶಿಫ್ಟಿಂಗ್ ಭಾರತದ ಇಂಗ್ಲಿಷಿನಲ್ಲಿ ಬೇರೂರಿದ ಬಳಕೆ. ಇಲ್ಲಿನ ಆಫೀಸಿಗೆ ಧಾರಾಳವಾಗಿ ಬರೆಯಿರಿ. ಇಂಗ್ಲೆಂಡ್, ಅಮೆರಿಕದವರಿಗೆ ಬರೆಯುವಾಗ ಮೂವಿಂಗ್ ಬಳಸಿ. ಅಲ್ಲಿ ಶಿಫ್ಟ್ ಅಂದರೆ ಹೆಚ್ಚಾಗಿ ಇದ್ದ ಜಾಗದಿಂದ ಸ್ವಲ್ಪ ಸರಿಸೋದು. ಇದರಲ್ಲಿ ಜಗಳಕ್ಕೆ ಏನೂ ಇಲ್ಲ, ನಿಲ್ಲಿಸಿ.

ಮೈಸೂರಿನ ನಿವೃತ್ತ ಮೇಷ್ಟ್ರು: ಮೇಡಂ ಅವರೂ ಹೀಗೆ ಹೇಳಿದರೆ ಇನ್ನು ಮಾತಾಡಿ ಪ್ರಯೋಜನವಿಲ್ಲ.

ಮಂಗಳೂರಿನ ಸದಸ್ಯ: ವಿದೇಶಿ ಕ್ಲೈಂಟ್ ಜೊತೆ ಮೀಟಿಂಗ್ ಮುಗಿಸಿ ಹೊರಡುವಾಗ 'ಓಕೆ, ಐ ವಿಲ್ ಕಮ್' ಅಂದೆ. ಅವರು ಕಾಯ್ತಾ ಕೂತಿದ್ರಂತೆ.

ಮೇಡಂ: ಅದು ನಮ್ಮ 'ಬರ್ತೀನಿ'. ಹೊರಡುವಾಗ 'ಹೋಗ್ತೀನಿ' ಅನ್ನಬಾರದು ಅಂತ ಮನೆಯಲ್ಲಿ ಕಲಿಸಿದ್ದು. ಅವರಿಗೆ ಕಮ್ ಅಂದರೆ ಬರೋದೇ, ಹಾಗಾಗಿ ಕಾದರು. 'ಐ ಶುಡ್ ಗೆಟ್ ಗೋಯಿಂಗ್' ಅನ್ನಿ. ಆದರೆ ಕೇಳುವವರ ಮನೆಗೆ ಹೋಗುವಾಗ ಎರಡೂ ಭಾಷೆ ಒಂದೇ: 'ನಾಳೆ ನಿಮ್ಮನೆಗೆ ಬರ್ತೀನಿ', 'ಐ ವಿಲ್ ಕಮ್ ಟು ಯುವರ್ ಪ್ಲೇಸ್'. ಅಲ್ಲಿ ಗೋ ಹಾಕಬೇಡಿ.

ಕೋಲಾರದ ಸದಸ್ಯ: 30 ದಿನದಲ್ಲಿ ಇಂಗ್ಲಿಷ್ ಮಾತಾಡೋದು ಹೇಗೆ?

ಗದಗದ ಸದಸ್ಯ: ಅರೈವ್ ರೀಚ್ ಎರಡೂ ಒಂದೇನಾ?

ಮೇಡಂ: ಮೇಲಿದೆ. ಇನ್ನು ಇದಕ್ಕೆ ಉತ್ತರಿಸೋದಿಲ್ಲ.

ಹಾಸನದ ನರ್ಸ್: ಮೇಡಂ, ಡ್ರ್ಯಾಗ್ಸ್ ಅಂತ ತಿದ್ದಿದ್ದೀನಿ, ತುಂಬಾ ಥ್ಯಾಂಕ್ಸ್. ಕೊನೇದಾಗಿ ಒಂದು. ಕೆಲವು ಮಾದರಿ ಪತ್ರದಲ್ಲಿ 'ಮೊಬಿಲೈಸಿಂಗ್ ವಿತ್ ಎ ಫ್ರೇಮ್' ಅಂತಿದೆ, ಕೆಲವದರಲ್ಲಿ 'ಆಂಬ್ಯುಲೇಟಿಂಗ್ ವಿತ್ ಎ ವಾಕರ್'. ಯಾವುದು ಬರೀಲಿ?

ಮೇಡಂ: ಎರಡಕ್ಕೂ ನಡೆಯೋಕೆ ಆಸರೆಯ ಚೌಕಟ್ಟು ಹಿಡಿದು ನಡೆಯುತ್ತಾರೆ ಅಂತಲೇ ಅರ್ಥ. ಮೊದಲನೇದು ಬ್ರಿಟನ್ನಿನ ಆಸ್ಪತ್ರೆಯ ಮಾತು, ಎರಡನೇದು ಅಮೆರಿಕದ್ದು. ಎರಡೂ ಸರಿ, ಒಂದೇ ಪತ್ರದಲ್ಲಿ ಬೆರೆಸಬೇಡಿ. 'ವಾಕ್ಸ್ ವಿತ್ ಎ ಫ್ರೇಮ್' ಅಂದರೂ ಸಾಕು. ಯಾರಾದರೂ ಪಕ್ಕದಲ್ಲಿ ಹಿಡಿದುಕೊಳ್ಳಬೇಕಾ, ಒಬ್ಬರೇ ನಡೆಯುತ್ತಾರಾ, ಅದನ್ನು ಮರೆಯದೆ ಬರೆಯಿರಿ. ಪರೀಕ್ಷೆಯಲ್ಲಿ ಪತ್ರ ಬರೆಯೋಕೆ ಸಿಗೋದು 40 ನಿಮಿಷ, ಅದಕ್ಕೂ ಮೊದಲಿನ 5 ನಿಮಿಷ ಓದೋಕೆ ಮಾತ್ರ. ಆ 5 ನಿಮಿಷದಲ್ಲಿ ನಡಿಗೆಯ ಬಗ್ಗೆ, ಅವರು ಕೊಟ್ಟ ರೋಗಿಯ ಟಿಪ್ಪಣಿಯಲ್ಲಿ ಏನಿದೆ ಅಂತ ಹುಡುಕಿಟ್ಟುಕೊಳ್ಳಿ.

ದಾವಣಗೆರೆಯ ಸದಸ್ಯೆ: ನನ್ನ ಪ್ರಶ್ನೆ ಯಾರೂ ನೋಡೇ ಇಲ್ಲ.

ಅಡ್ಮಿನ್: ಇವತ್ತಿಗೆ ಕಾಮೆಂಟ್ ಬಂದ್ ಮಾಡುತ್ತಿದ್ದೇನೆ. ಶಿಫ್ಟಿಂಗ್ ಜಗಳದ ಕೆಲವು ಮಾತು ತೆಗೆದಿದ್ದೇನೆ.