ಕಟ್ಟೆ ಮೇಲೆ ಪುಟ್ಟ ಡಿಶ್‌ವಾಶರ್: ಜಾಗ ಇಷ್ಟೇ, ನೀರು ಬೋರ್‌ದು

ಕಿರುಅಡುಗೆಮನೆ:
ಬೆಂಗಳೂರಿನ ಅಪಾರ್ಟ್‌ಮೆಂಟ್, ಕೊನೇ ಮಹಡಿ. ಗ್ರಾನೈಟ್ ಕಟ್ಟೆ 60 ಸೆಂ.ಮೀ. ಅಗಲ, ಕಟ್ಟೆಯಿಂದ ಮೇಲಿನ ಕಪಾಟಿಗೆ 57 ಸೆಂ.ಮೀ. ಬೋರ್ ನೀರು, ಟಿಡಿಎಸ್ 700. ಸಿಂಕ್ ಕೆಳಗೆ ಒಂದೇ ಆಂಗಲ್ ಕಾಕ್ (ಗೋಡೆಯಲ್ಲಿರೋ ಪುಟ್ಟ ವಾಲ್ವ್), ಅದೂ ಆರ್‌ಓಗೆ ಹೋಗಿದೆ. ಹತ್ತಿರ ಇರೋದು ಮಿಕ್ಸಿಯ 6 ಆಂಪ್ ಪ್ಲಗ್. 8 ಸೆಟ್ಟಿಂಗ್‌ನ, ಅಂದ್ರೆ ಎಂಟು ಜನ ಉಂಡ ಪಾತ್ರೆ ಹಿಡಿಯೋ ಮೆಷಿನ್ ಕೂರುತ್ತಾ? ಕೊಳಕು ನೀರಿನ ಪೈಪನ್ನ ಸಿಂಕಿಗೆ ಇಳಿಬಿಟ್ಟರೆ ಸಾಕಾ?

ಟೆಫ್ಲಾನ್_ಟೇಪ್:
8 ಸೆಟ್ಟಿಂಗ್‌ದು ಬಿಟ್ಟುಬಿಡಿ. ಅವು ಸಾಮಾನ್ಯವಾಗಿ 59.5 ಸೆಂ.ಮೀ. ಎತ್ತರ, ಕಪಾಟು ಕೊಯ್ಯಬೇಕಾಗುತ್ತೆ. 6 ಸೆಟ್ಟಿಂಗ್‌ದು ಸುಮಾರು 44 ಎತ್ತರ, 55 ಅಗಲ, 50 ಆಳ. ಹಿಂದೆ ಹೋಸ್ ಬಾಗೋಕೆ 5-6 ಸೆಂ.ಮೀ. ಬಿಟ್ಟರೂ ನಿಮ್ಮ ಕಟ್ಟೆಯಲ್ಲಿ ಆರಾಮಾಗಿ ಕೂರುತ್ತೆ.

ನೀರಿಗೆ ಆರ್‌ಓ ಲೈನ್ ಕತ್ತರಿಸೋದು ಬೇಡ. ಆ ಆಂಗಲ್ ಕಾಕ್ ತೆಗೆದು ಎರಡು ಬಾಯಿಯದು ಹಾಕಿಸಿ. ಗೋಡೆ ಕಡೆ ಅರ್ಧ ಇಂಚು, ಮೆಷಿನ್ ಹೋಸ್‌ನ ನಟ್ ಮುಕ್ಕಾಲು ಇಂಚು. ಮಧ್ಯೆ ಎರಡೂ ಅಳತೆ ಜೋಡಿಸೋ ಹಿತ್ತಾಳೆಯ ರೆಡ್ಯೂಸರ್ ನಿಪ್ಪಲ್ ಬೇಕಾಗಬಹುದು. ಗೋಡೆ ಕಡೆ ಥ್ರೆಡ್‌ಗೆ ಟೆಫ್ಲಾನ್ 10-12 ಸುತ್ತು. ಹೋಸ್ ನಟ್‌ಗೆ ಟೆಫ್ಲಾನ್ ಬೇಡವೇ ಬೇಡ, ಅಲ್ಲಿ ನೀರು ತಡೆಯೋದು ಒಳಗಿನ ರಬ್ಬರ್ ವಾಶರ್. ಕೈಯಲ್ಲಿ ಬಿಗಿ ಮಾಡಿ, ಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು, ಅಷ್ಟೇ. ಪ್ಲಂಬರ್ ಜೋರು ತೋರಿಸಿದರೆ ವಾಶರ್ ಹರಿದು, ಎರಡು ದಿನ ಬಿಟ್ಟು ತೊಟ್ಟಿಕ್ಕೋಕೆ ಶುರು.

ಕೊನೇ ಮಹಡಿ ಅಂದಿರಲ್ಲ, ಖರೀದಿಗೆ ಮುಂಚೆ ಒತ್ತಡ ನೋಡಿ. 10 ಮೀಟರ್ ಎತ್ತರದ ನೀರಿಗೆ 1 ಬಾರ್. ಬಹಳಷ್ಟು ಮೆಷಿನ್ ಕೇಳೋದು 0.4 ಬಾರ್, ಅಂದ್ರೆ ಟ್ಯಾಂಕಿನ ನೀರು ನಿಮ್ಮ ನಲ್ಲಿಗಿಂತ 4 ಮೀಟರ್ ಮೇಲಿರಬೇಕು. ಕೊನೇ ಮಹಡಿಗೆ ಅದು ಸಿಗೋದೇ ಕಷ್ಟ. ಪ್ರೆಷರ್ ಪಂಪ್ ಲೈನ್ ಇದ್ದರೆ ಅದರಿಂದ ತಗೊಳ್ಳಿ. ಇಲ್ಲದಿದ್ದರೆ ಜಗ್‌ನಲ್ಲಿ ನೀರು ತುಂಬೋ ಟ್ಯಾಂಕ್ ಇರೋ ಮಾಡೆಲ್ಲೇ ಗತಿ.

ಮೂರುಪಿನ್:
ಮಿಕ್ಸಿ ಪ್ಲಗ್ಗಿಗೆ ಹಾಕಲೇಬೇಡಿ. ಹೀಟರ್ ಓಡುವಾಗ 1300-1400 ವ್ಯಾಟ್, ಅಂದ್ರೆ ಸುಮಾರು 6 ಆಂಪ್, ಅದೂ ಎಷ್ಟೋ ಹೊತ್ತು ಒಂದೇ ಸಮನೆ. ಮಿಕ್ಸಿ ಐದು ನಿಮಿಷ ಓಡಿ ನಿಲ್ಲುತ್ತೆ, ಇದು ನಿಲ್ಲಲ್ಲ. ಸಾಕೆಟ್ ಕಂದು ತಿರುಗಿ ಕರಗೋದು ಹೀಗೇನೇ. 2.5 ಚದರ ಮಿ.ಮೀ. ವೈರ್, 16 ಆಂಪ್ ಸಾಕೆಟ್, ಅದಕ್ಕೆ ಪ್ರತ್ಯೇಕ ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳೋ ಸ್ವಿಚ್), ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳೋ ಸ್ವಿಚ್). ಸಾಕೆಟ್ ಮೆಷಿನ್ ಹಿಂದೆ ಬೇಡ, ಪಕ್ಕಕ್ಕಿರಲಿ, ಕೈಗೆ ಸಿಗಬೇಕು. ಯುಪಿಎಸ್ ಲೈನಿಗೂ ಕೊಡಬೇಡಿ.

ಬಾಡಿಗೆಮನೆ_560:
ಸಿಂಕಿಗೆ ಇಳಿಬಿಡೋದು ತಪ್ಪೇನಲ್ಲ ಮೇಡಂ. ಬಾಡಿಗೆ ಮನೆಯಲ್ಲಿ ಗ್ರಾನೈಟ್ ಕೊರೆಯೋಕೆ ಓನರ್ ಒಪ್ಪಲ್ಲ. ಹೋಸ್ ತುದಿಗೆ ಕೊಕ್ಕೆ ಹಾಕಿ ಸಿಂಕ್ ಅಂಚಿಗೆ ಭದ್ರ ಮಾಡಿ. ಇಲ್ಲಾಂದ್ರೆ ನೀರು ಬಿಡೋ ರಭಸಕ್ಕೆ ಅದು ಹಾವಿನ ಥರ ಹೊರಗೆ ನೆಗೆಯುತ್ತೆ. ಸಿಂಕಲ್ಲಿ ಪಾತ್ರೆ ಪೇರಿಸಿಟ್ಟು ಮೆಷಿನ್ ಹಾಕಬೇಡಿ. ತುದಿ ನೀರಲ್ಲಿ ಮುಳುಗಿದರೆ ಕೊಳಕು ನೀರು ವಾಪಸ್ ಒಳಗೆ.

ಟೆಫ್ಲಾನ್_ಟೇಪ್:
ಬಾಡಿಗೆಗೆ ಸರಿ. ಸ್ವಂತದ್ದಾದ್ರೆ ಸಿಂಕ್ ಕೆಳಗೆ ವಾಸನೆ ತಡೆಯೋ ಬಾಟಲ್ ಟ್ರ್ಯಾಪ್ ಇರುತ್ತಲ್ಲ, ಅದರಲ್ಲಿ ಪಕ್ಕದ ನಳಿಕೆ ಇರೋದು ಹಾಕಿಸಿ, ಕೊಳಕು ನೀರಿನ ಹೋಸನ್ನ ಅದಕ್ಕೆ ಹೋಸ್ ಕ್ಲಿಪ್‌ನಿಂದ ಬಿಗಿಸಿ. ಹೊಸ ಟ್ರ್ಯಾಪಿನ ಆ ನಳಿಕೆಯ ಬಾಯಿ ಒಳಗೆ ಪ್ಲಾಸ್ಟಿಕ್ ಪೊರೆಯಿಂದ ಮುಚ್ಚಿರುತ್ತೆ, ಕೊಯ್ದು ತೆಗೀಬೇಕು. ಹೊಸ ಮೆಷಿನ್ ಮೊದಲ ದಿನವೇ ನೀರು ಹೊರಹಾಕ್ತಿಲ್ಲ ಅಂದ್ರೆ ಮೊದಲು ಇಲ್ಲೇ ನೋಡಿ. ಹೋಸನ್ನ ನೇರ ಇಳಿಸದೆ, ಕಟ್ಟೆ ಕಲ್ಲಿನ ತಳಕ್ಕೆ ತಾಗುವಷ್ಟು ಎತ್ತರಕ್ಕೆ ಕಮಾನಿನ ಹಾಗೆ ಬಾಗಿಸಿ ಕಟ್ಟಿ, ಆಮೇಲೆ ಟ್ರ್ಯಾಪಿಗೆ ಇಳಿಸಿ. ಸಿಂಕ್ ಕಟ್ಟಿಕೊಂಡಾಗ ನೀರು ಹಿಂದಕ್ಕೆ ಹತ್ತಲ್ಲ.

ಹೋಸ್‌ಗಳನ್ನ ಸಿಂಕ್ ಕೆಳಗೆ ಇಳಿಸೋಕೆ ಕಟ್ಟೆ ಕಲ್ಲಲ್ಲಿ ತೂತು 40 ಮಿ.ಮೀ. ಬೇಕು, ಬರೀ ಹೋಸ್ ಅಲ್ಲ, ನೀರು ತರೋ ಹೋಸ್‌ನ ನಟ್ ತೂರಬೇಕಲ್ಲ. ಸಿಂಕಿಗೆ ಕೊಯ್ದ ಅಂಚಿಂದ 3 ಇಂಚಾದರೂ ದೂರ, ನೀರು ಬಿಟ್ಕೊಂಡು ಡೈಮಂಡ್ ಕೋರ್ ಬಿಟ್‌ನಲ್ಲೇ ಕೊರೆಸಿ.

ಗಡಸುನೀರು:
ಎಲ್ಲರೂ ಪೈಪ್ ಬಗ್ಗೆ ಮಾತಾಡ್ತಿದ್ದೀರಿ, ಬೋರ್ ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಟಿಡಿಎಸ್ 700 ಅನ್ನೋದರಿಂದ ಗಡಸುತನ ತಿಳಿಯಲ್ಲ. ಅದು ಕರಗಿದ ಎಲ್ಲದರ ಲೆಕ್ಕ. ಅಕ್ವೇರಿಯಂ ಅಂಗಡಿಯ ಹನಿ ಹಾಕೋ ಕಿಟ್‌ನಲ್ಲಿ ಪರೀಕ್ಷಿಸಿ. ಪಿಪಿಎಂ ಬಂದರೆ 17.8ರಿಂದ ಭಾಗಿಸಿ: 420 ಇದ್ದರೆ ಸುಮಾರು 24 ಜರ್ಮನ್ ಡಿಗ್ರಿ. ಮ್ಯಾನುಯಲ್‌ನ ಪಟ್ಟಿ ನೋಡಿ, ಮೆಷಿನ್ ಒಳಗೆ ಉಪ್ಪಿನ ಸಹಾಯದಿಂದ ಗಡಸು ತೆಗೆಯೋ ಸಾಫ್ಟ್‌ನರನ್ನ ಅಲ್ಲಿಗೆ ಸೆಟ್ ಮಾಡಿ. ಕೆಲವು ಅಗ್ಗದ ಪುಟ್ಟ ಮೆಷಿನ್‌ಗಳಲ್ಲಿ ಉಪ್ಪಿನ ಡಬ್ಬಿಯೇ ಇರಲ್ಲ, ಬೋರ್ ನೀರಿಗೆ ಅವು ಬೇಡ.

ಮೊದಲ ಸಲ ಆ ಡಬ್ಬಿಗೆ ನೀರು ತುಂಬಿಸಿ, ಆಮೇಲೆ ಡಿಶ್‌ವಾಶರ್ ಉಪ್ಪು. ಅಡುಗೆ ಉಪ್ಪಿನಲ್ಲಿ ಗಂಟು ಕಟ್ಟದಿರೋಕೆ ಬೆರೆಸಿದ ಪುಡಿ, ಕಲ್ಲುಪ್ಪಿನಲ್ಲಿ ಮಣ್ಣು. ಎರಡೂ ಸಾಫ್ಟ್‌ನರ್ ಒಳಗೆ ಗಡಸು ಹೀರೋ ರೆಸಿನ್ ಮಣಿಗಳನ್ನ ಕೆಡಿಸುತ್ತವೆ. ಚೆಲ್ಲಿದ ಉಪ್ಪು ಸ್ಟೀಲ್ ತಿನ್ನುತ್ತೆ, ಅದಕ್ಕೆ ತುಂಬಿದ ತಕ್ಷಣ ಒಂದು ಖಾಲಿ ಸೈಕಲ್ ಓಡಿಸಿ. ಆರ್‌ಓ ಬಿಡೋ ವೇಸ್ಟ್ ನೀರು ಉಳಿತಾಯ ಅಂತ ಇದಕ್ಕೆ ಕೊಡೋರಿದ್ದಾರೆ. ಅದು ಬೋರ್‌ಗಿಂತಲೂ ಗಡಸು.

ಕಿರುಅಡುಗೆಮನೆ:
ಉಪ್ಪಿನ ಡಬ್ಬಿ ಇರೋ 6 ಸೆಟ್ಟಿಂಗ್‌ದನ್ನೇ ನೋಡ್ತೀನಿ. ಕುಕ್ಕರ್ ಹಿಡಿಯುತ್ತಾ?

ಟೆಫ್ಲಾನ್_ಟೇಪ್:
5 ಲೀಟರ್‌ದು ಒಂದೇ ಅರ್ಧ ಜಾಗ ತಿನ್ನುತ್ತೆ. ಅಲ್ಯೂಮಿನಿಯಂ ಆದ್ರೆ ಹಾಕಬೇಡಿ, ಕಪ್ಪಾಗುತ್ತೆ. ಇಡ್ಲಿ ತಟ್ಟೆಗೂ ಇದೇ ಮಾತು. ಅಂಗಡಿಗೆ ಹೋಗುವಾಗ ನಿಮ್ಮ ಮನೆಯ ದೊಡ್ಡ ಊಟದ ತಟ್ಟೆ ಒಂದನ್ನ ಚೀಲದಲ್ಲಿ ಹಾಕ್ಕೊಂಡು ಹೋಗಿ. ರ‍್ಯಾಕ್‌ನಲ್ಲಿ ನಿಲ್ಲಿಸಿ, ಬಾಗಿಲು ಹಾಕಿ, ನೀರು ಚಿಮ್ಮೋ ರೆಕ್ಕೆ ಕೈಯಲ್ಲಿ ತಿರುಗಿಸಿ ನೋಡಿ. 11-12 ಇಂಚಿನ ತಟ್ಟೆ ತಾಗೋ ಸಾಧ್ಯತೆ ಜಾಸ್ತಿ.